ದ್ರಾಕ್ಷಾರಸದ ಪಂಕ್ತಿಯಲ್ಲಿ ಜೆಕ್ ಬಿಯರು



ಈ ಸಂಜೆಯ ವಿಷಯವನ್ನು ಕೇಳಿ ತಮ್ಮಲ್ಲಿ ಕೆಲವರು ಹುಬ್ಬೇರಿಸಿದ್ದರೆ ಅದು ಸಹಜವೇ. ನಮ್ಮಲ್ಲಿ ಕುಡಿಯುವ ಪದಾರ್ಥದ ಮಾತು ಬಂದರೆ ಅದು ಉಪದೇಶವಾಗುತ್ತದೆ, ಇಲ್ಲವೇ ನಗೆಹನಿಯಾಗುತ್ತದೆ. ಎರಡಕ್ಕೂ ಕಾರಣವಿದೆ. ಕುಡಿತದಿಂದ ಹಾಳಾದ ಒಂದಾದರೂ ಮನೆಯನ್ನು ಕಾಣದ ಊರು ನಮ್ಮಲ್ಲಿಲ್ಲ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಕುಡಿಯಿರಿ ಎನ್ನುವುದಕ್ಕೂ ಬಿಡಿ ಎನ್ನುವುದಕ್ಕೂ ನಾನು ಇಲ್ಲಿ ನಿಂತಿಲ್ಲ. ಒಂದು ಸಣ್ಣ ದೇಶದ ಜನ ತಮ್ಮ ನಿತ್ಯದ ಪದಾರ್ಥವೊಂದನ್ನು ಎಷ್ಟು ಶ್ರದ್ಧೆಯಿಂದ ಮಾಡಿಕೊಂಡು ಬಂದರು, ಲೋಕ ಅದಕ್ಕೆ ಯಾವ ಪಂಕ್ತಿಯಲ್ಲಿ ಎಲೆ ಹಾಕಿತು ಎಂಬುದಷ್ಟೇ ನನ್ನ ವಿಷಯ.

ಪಂಕ್ತಿ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಯುರೋಪಿನ ಊಟದ ಮೇಜಿನಲ್ಲಿಯೂ ಪಂಕ್ತಿಭೇದವಿದೆ. ದ್ರಾಕ್ಷಾರಸ ಮೊದಲ ಪಂಕ್ತಿಯದು. ಅದಕ್ಕೆ ತೋಟದ ಹೆಸರಿದೆ, ಹುಟ್ಟಿದ ವರ್ಷವಿದೆ, ಅದನ್ನು ಬಣ್ಣಿಸಲೆಂದೇ ಬೆಳೆದ ದೊಡ್ಡದೊಂದು ಪದಕೋಶವಿದೆ. ಬಿಯರಾದರೋ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕುಡಿಯುವಂಥದ್ದು, ಕೂಲಿಕಾರನ ಬಾಯಾರಿಕೆಗೆ ಆಗುವಂಥದ್ದು. ಈ ಭೇದ ಇಂದು ನಿನ್ನೆಯದಲ್ಲ. ಕ್ರಿ.ಶ. ಒಂದನೆಯ ಶತಮಾನದ ಕೊನೆಯಲ್ಲಿ ಜರ್ಮನಿಕ್ ಬುಡಕಟ್ಟುಗಳ ಬಗ್ಗೆ ಬರೆದ ರೋಮಿನ ಇತಿಹಾಸಕಾರ ಟಾಸಿಟಸ್, ಅವರು ಧಾನ್ಯದಿಂದ ಮಾಡಿಕೊಳ್ಳುವ ಪಾನೀಯವನ್ನು ದ್ರಾಕ್ಷಾರಸವನ್ನೇ ಅಳತೆಗೋಲಾಗಿ ಇಟ್ಟುಕೊಂಡು ವರ್ಣಿಸಿದ. ಅವನ ಕಣ್ಣಿಗೆ ಅದು ದ್ರಾಕ್ಷಾರಸದ ಕೆಟ್ಟ ನೆರಳು. ಮುಂದೆ ಕ್ರೈಸ್ತ ಪೂಜೆಯಲ್ಲಿ ದ್ರಾಕ್ಷಾರಸಕ್ಕೆ ಪವಿತ್ರ ಸ್ಥಾನ ದೊರೆತ ಮೇಲೆ ಮೇಲು ಕೀಳು ಇನ್ನೂ ಗಟ್ಟಿಯಾಯಿತು.

ಈ ಹಿನ್ನೆಲೆಯಲ್ಲಿ ಜೆಕ್ ದೇಶವನ್ನು ನೋಡಬೇಕು. ತಲಾವಾರು ಲೆಕ್ಕದಲ್ಲಿ ಲೋಕದಲ್ಲೆಲ್ಲ ಅತಿ ಹೆಚ್ಚು ಬಿಯರ್ ಕುಡಿಯುವವರು ಅಲ್ಲಿಯವರು. ಇತ್ತೀಚಿನ ವರ್ಷಗಳಲ್ಲಿ ಇಳಿದಿದ್ದರೂ ಅದು ತಲೆಗೆ ವರ್ಷಕ್ಕೆ 120 ಲೀಟರಿಗೂ ಮಿಕ್ಕಿದೆ. ಅಷ್ಟು ಕುಡಿಯುವುದರಿಂದ ಆಗುವ ಹಾನಿ ಅಲ್ಲಿಯೂ ಉಂಟು. ವಾಹನ ಓಡಿಸುವವನ ರಕ್ತದಲ್ಲಿ ಮದ್ಯದ ಅಂಶ ಸ್ವಲ್ಪವೂ ಇರಬಾರದೆಂಬ ಕಟ್ಟುನಿಟ್ಟಿನ ಕಾನೂನು ಇರುವುದೂ ಅದೇ ದೇಶದಲ್ಲಿ. ಹಾಗೆಂದು ಅವರಿಗೆ ದ್ರಾಕ್ಷಿ ಗೊತ್ತಿಲ್ಲವೆಂದಲ್ಲ. 1358ರಲ್ಲಿ ನಾಲ್ಕನೆಯ ಚಾರ್ಲ್ಸ್ ದೊರೆ ಪ್ರಾಗ್ ನಗರದ ಸುತ್ತಣ ಗುಡ್ಡಗಳಲ್ಲಿ ದ್ರಾಕ್ಷಿತೋಟ ಹಾಕಬೇಕೆಂದು ಆಜ್ಞೆ ಮಾಡಿದ. ಪ್ರಾಗಿನ ಒಂದು ಬಡಾವಣೆಗೆ ಇಂದಿಗೂ ವಿನೋಹ್ರಾಡಿ, ಅಂದರೆ ದ್ರಾಕ್ಷಿತೋಟಗಳು, ಎಂದೇ ಹೆಸರು. 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧ ಆ ತೋಟಗಳಿಗೆ ದೊಡ್ಡ ಪೆಟ್ಟು ಕೊಟ್ಟಿತು. ಇಂದು ದೇಶದ ದ್ರಾಕ್ಷಿತೋಟಗಳಲ್ಲಿ 100ಕ್ಕೆ 95ಕ್ಕೂ ಹೆಚ್ಚು ಪಾಲು ಆಗ್ನೇಯದ ಮೊರಾವಿಯಾ ಸೀಮೆಯಲ್ಲಿವೆ. ಪಶ್ಚಿಮದ ಬೊಹೆಮಿಯಾ ಬಾರ್ಲಿ ಮತ್ತು ಹಾಪ್ಸ್ ಬಳ್ಳಿಯ ನಾಡಾಗಿ ಉಳಿಯಿತು.

ಬಿಯರ್ ಎಂದರೇನು? ನಮ್ಮ ತಾಯಂದಿರಿಗೆ ಇದನ್ನು ವಿವರಿಸುವುದು ಸುಲಭ. ಮಗುವಿಗೆ ಸರಿ ಮಾಡಲು ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಹುರಿದು ಬೀಸುತ್ತಾರಲ್ಲ, ಬಾರ್ಲಿಗೂ ಆಗುವ ಸಂಸ್ಕಾರ ಅದೇ. ಮೊಳಕೆ ಬಂದಾಗ ಕಾಳಿನೊಳಗಿನ ಹಿಟ್ಟನ್ನು ಸಕ್ಕರೆಯಾಗಿಸುವ ಶಕ್ತಿ ಎಚ್ಚರಗೊಳ್ಳುತ್ತದೆ. ಹೀಗೆ ಸಿದ್ಧವಾದ ಮಾಲ್ಟನ್ನು ಒಡೆದು ಬಿಸಿನೀರಿನಲ್ಲಿ ಕಲಸಿದರೆ ಸಿಹಿನೀರು ಬಿಡುತ್ತದೆ. ಅದನ್ನು ಸೋಸಿ, ಹಾಪ್ಸ್ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟ್ ಹಾಕಿದರೆ ಇಡ್ಲಿ ಹಿಟ್ಟಿನಂತೆ ಹುದುಗುತ್ತದೆ. ಹಾಪ್ಸ್ ಹೂವು ಕಹಿಯನ್ನೂ ಪರಿಮಳವನ್ನೂ ಕೊಡುತ್ತದೆ, ಕೆಡದಂತೆಯೂ ಕಾಯುತ್ತದೆ.

ದ್ರಾಕ್ಷಾರಸಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿಯೇ ಇದೆ. ದ್ರಾಕ್ಷಿಯಲ್ಲಿ ನೀರೂ ಸಕ್ಕರೆಯೂ ಮೊದಲೇ ಇವೆ. ಹಿಂಡಿಟ್ಟರೆ ಸಾಕು, ತಾನಾಗಿಯೇ ಹುದುಗತೊಡಗುತ್ತದೆ. ಬಾರ್ಲಿ ಕಾಳನ್ನು ಹಾಗೆ ಬಿಟ್ಟರೆ ಅದು ಕಾಳಾಗಿಯೇ ಇರುತ್ತದೆ. ದ್ರಾಕ್ಷಾರಸದಲ್ಲಿ ಪ್ರಕೃತಿಯ ಪಾಲು ದೊಡ್ಡದು. ಬಿಯರು ಮೊದಲಿನಿಂದ ಕೊನೆಯವರೆಗೆ ಮನುಷ್ಯ ಮಾಡುವ ಅಡಿಗೆ.

ಅಡಿಗೆ ಎಂದ ಮೇಲೆ ಕೆಡುವುದೂ ಉಂಟು. ಬೊಹೆಮಿಯಾದ ಪಶ್ಚಿಮದಲ್ಲಿ ಪಿಲ್ಸೆನ್ ಎಂಬ ಊರಿದೆ. ದೊರೆ ಎರಡನೆಯ ವೆನ್ಸೆಸ್ಲಾಸ್ 1295ರಲ್ಲಿ ಸ್ಥಾಪಿಸಿದ ಪಟ್ಟಣ. ಅಲ್ಲಿನ ಕೆಲವು ಮನೆತನಗಳಿಗೆ ಬಿಯರ್ ಮಾಡಿ ಮಾರುವ ಹಕ್ಕಿತ್ತು. ಆದರೆ ಬರಬರುತ್ತ ಬಿಯರು ಎಷ್ಟು ಹದಗೆಟ್ಟಿತೆಂದರೆ, 1838ರಲ್ಲಿ 36 ಪೀಪಾಯಿಗಳನ್ನು ಪುರಭವನದ ಮುಂದೆ ಸಾರ್ವಜನಿಕವಾಗಿ ಚೆಲ್ಲಲಾಯಿತು. ಆ ಜನರ ದೊಡ್ಡಗುಣವೆಂದರೆ ಚೆಲ್ಲಿ ಸುಮ್ಮನಾಗಲಿಲ್ಲ. ಹಕ್ಕುದಾರರು ಒಟ್ಟುಗೂಡಿ, ತಂತಮ್ಮ ಸಣ್ಣ ಒಲೆಗಳನ್ನು ಬಿಟ್ಟು, ಎಲ್ಲರಿಗೂ ಸೇರಿದ ಒಂದೇ ಬ್ರೂವರಿ ಕಟ್ಟಲು ತೀರ್ಮಾನಿಸಿದರು. ನೆರೆಯ ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬ, ಮೂವತ್ತು ಕೂಡ ತುಂಬದ ತಯಾರಕನನ್ನು ಕರೆಸಿದರು.

ಗ್ರೋಲ್ ತನ್ನೊಡನೆ ಬವೇರಿಯಾದ ಪದ್ಧತಿಯನ್ನು ತಂದ. ತಂಪಿನಲ್ಲಿ ನಿಧಾನವಾಗಿ ಹುದುಗಿಸಿ ತಳಕ್ಕೆ ಇಳಿಯುವ ಯೀಸ್ಟು, ಆಮೇಲೆ ನೆಲಮಾಳಿಗೆಯಲ್ಲಿ ವಾರಗಟ್ಟಲೆ ವಿಶ್ರಾಂತಿ. ಹೀಗೆ ಕೂಡಿಡುವುದಕ್ಕೆ ಜರ್ಮನ್ ಭಾಷೆಯಲ್ಲಿರುವ ಮಾತಿನಿಂದಲೇ ಲಾಗರ್ ಎಂಬ ಹೆಸರು ಬಂದಿದೆ. ಮಾಲ್ಟನ್ನು ಹೊಗೆ ತಾಗದಂತೆ ತಿಳಿಬಣ್ಣಕ್ಕೆ ಒಣಗಿಸುವ ವಿಧಾನ ಇಂಗ್ಲೆಂಡಿನದು. ಉಳಿದದ್ದೆಲ್ಲ ನೆಲದ್ದೇ: ಜೆಕ್ ಸೀಮೆಯ ಬಾರ್ಲಿ, ಝಾಟೆಟ್ಸ್ ಸುತ್ತಣ ಹಾಪ್ಸ್, ಪಿಲ್ಸೆನ್ನಿನ ನೀರು. ಆ ನೀರು ಬಹಳ ಮೆದು. ಖನಿಜದ ಅಂಶ ತೀರ ಕಡಿಮೆ. 1842ರ ಅಕ್ಟೋಬರ್ 5ರಂದು ಮೊದಲ ಪಾಕ ಒಲೆಗೇರಿತು. ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬದಂದು ಜನ ಅದರ ರುಚಿ ನೋಡಿದರು. ಲೋಟದಲ್ಲಿ ಕಂದುಬಣ್ಣದ ಕದಡಿದ ಬಿಯರಿನ ಬದಲು ಹೊಂಬಣ್ಣದ ತಿಳಿಯಾದ ದ್ರವವಿತ್ತು, ಮೇಲೆ ಬೆಳ್ಳನೆಯ ನೊರೆ. ಗಾಜಿನ ಲೋಟಗಳು ಬಳಕೆಗೆ ಬರುತ್ತಿದ್ದ ಕಾಲವಾದ್ದರಿಂದ ಆ ಬಣ್ಣ ಎಲ್ಲರ ಕಣ್ಣಿಗೂ ಬಿತ್ತು. 1860ರ ದಶಕದಲ್ಲಿ ರೈಲುದಾರಿ ಬಂದ ಮೇಲೆ ಆ ಬಿಯರು ದೇಶ ದೇಶಗಳಿಗೆ ಹೋಯಿತು. ಇಂದು ಲೋಕದಲ್ಲಿ ಮಾರಾಟವಾಗುವ ಬಿಯರಿನ ಬಹುಪಾಲು ಆ ಹೊಂಬಣ್ಣದ ಬಿಯರಿನ ಹತ್ತಿರದ ಅಥವಾ ದೂರದ ಸಂತಾನವೇ. ಬೆಂಗಳೂರನ್ನು ಪಬ್ ನಗರಿ ಎಂದು ಕರೆದ ದಿನಗಳಲ್ಲಿ ಅಲ್ಲಿನ ಲೋಟಗಳಿಗೆ ಬಿದ್ದದ್ದೂ ಹೆಚ್ಚಾಗಿ ಇದೇ ವಂಶದ್ದು.

ಇಲ್ಲಿ ಒಂದು ಅನ್ಯಾಯ ನಡೆಯಿತು. ಪಿಲ್ಸ್ನರ್ ಎಂದರೆ ಪಿಲ್ಸೆನ್ನಿನದು ಎಂದಷ್ಟೇ ಅರ್ಥ, ನಾವು ಧಾರವಾಡ ಪೇಡ ಎಂದ ಹಾಗೆ. ಆದರೆ ಯಾವ ಊರಿನವರು ಬೇಕಾದರೂ ತಮ್ಮ ತಿಳಿಬಿಯರಿಗೆ ಆ ಹೆಸರಿಟ್ಟರು. ಪಿಲ್ಸೆನ್ನಿನವರು 1898ರಲ್ಲಿ ಪಿಲ್ಸ್ನರ್ ಉರ್ಕ್ವೆಲ್, ಅಂದರೆ ಮೂಲ ಸೆಲೆಯ ಪಿಲ್ಸ್ನರ್, ಎಂಬ ಮುದ್ರೆಯನ್ನು ನೋಂದಾಯಿಸಿಕೊಂಡರು. ಹೆಸರು ಅಷ್ಟರಲ್ಲಿ ಕೈಬಿಟ್ಟುಹೋಗಿತ್ತು. ದಕ್ಷಿಣದ ಚೆಸ್ಕೆ ಬುದೆಯೊವಿತ್ಸೆ ಊರಿನ ಜರ್ಮನ್ ಹೆಸರು ಬುಡ್ವೈಸ್. ಅಲ್ಲಿಯ ಬಿಯರಿಗೆ ಬುಡ್ವೈಸರ್ ಎನ್ನುವುದು ಸಹಜ. ಆದರೆ ಅಮೆರಿಕದ ಕಂಪನಿಯೊಂದು 1876ರಲ್ಲಿ ಆ ಹೆಸರಿನಲ್ಲಿ ಬಿಯರ್ ಮಾರತೊಡಗಿತು. ಜೆಕ್ ಊರಿನಲ್ಲಿ ಇಂದಿಗೂ ನಡೆಯುತ್ತಿರುವ ಬುದ್ವಾರ್ ಬ್ರೂವರಿ ಹುಟ್ಟಿದ್ದು 1895ರಲ್ಲಿ. ಅಂದಿನಿಂದ ನ್ಯಾಯಾಲಯಗಳಲ್ಲಿ ಹೆಸರಿನ ಜಗಳ ತಲೆಮಾರುಗಳ ಕಾಲ ನಡೆದಿದೆ. ಇತ್ತ ಫ್ರಾನ್ಸಿನ ಶಾಂಪೇನ್ ಸೀಮೆಯವರನ್ನು ನೋಡಿ. ಆ ಸೀಮೆಯ ಹೊರಗೆ ಮಾಡಿದ ದ್ರಾಕ್ಷಾರಸಕ್ಕೆ ಯುರೋಪಿನಲ್ಲಿ ಆ ಹೆಸರಿಡುವಂತಿಲ್ಲ. ಒಂದಕ್ಕೆ ಊರಿನ ಹೆಸರು ಆಸ್ತಿಯಾಯಿತು, ಇನ್ನೊಂದಕ್ಕೆ ಅದು ಬಿಟ್ಟಿ ಮಾಲಾಯಿತು. ದ್ರಾಕ್ಷಿಗೆ ಮಣ್ಣಿನ ಗುಣವಿದೆ, ಬಿಯರನ್ನು ಎಲ್ಲಿ ಬೇಕಾದರೂ ಮಾಡಬಹುದು ಎಂಬ ಹಳೆಯ ನಂಬಿಕೆ ಇದಕ್ಕೆ ಬೆಂಬಲವಾಗಿ ನಿಂತಿತ್ತು.

ಆ ನಂಬಿಕೆ ಪೂರ್ತಿ ಸರಿಯಲ್ಲವೆಂಬುದನ್ನು ಲೋಕ ತಡವಾಗಿ ಒಪ್ಪುತ್ತಿದೆ. ಝಾಟೆಟ್ಸ್ ಹಾಪ್ಸಿಗೆ 2007ರಲ್ಲಿ, ಜೆಕ್ ಬಿಯರ್ ಎಂಬ ಹೆಸರಿಗೆ 2008ರಲ್ಲಿ ಯುರೋಪಿಯನ್ ಒಕ್ಕೂಟದ ಪ್ರಾದೇಶಿಕ ರಕ್ಷಣೆ ದೊರೆಯಿತು. ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಫ್ರಾನ್ಸಿನ ಸೇಂತ್ ಎಮಿಲಿಯೋ, ಹಂಗೆರಿಯ ಟೊಕಾಯ್ ಮುಂತಾದ ದ್ರಾಕ್ಷಿ ಸೀಮೆಗಳು ಎಂದೋ ಸೇರಿದ್ದವು; ಝಾಟೆಟ್ಸಿನ ಹಾಪ್ಸ್ ಭೂಮಿ ಸೇರಿದ್ದು 2023ರಲ್ಲಿ.

ಇಷ್ಟಾದರೂ ಬಿಯರನ್ನು ದ್ರಾಕ್ಷಾರಸದ ಮಾನದಂಡದಿಂದಲೇ ಅಳೆದು, ಇದಕ್ಕೂ ಮಣ್ಣಿನ ಗುಣವಿದೆ ನೋಡಿ ಎಂದು ಬೇಡಿಕೊಳ್ಳುವುದು ನನ್ನ ಉದ್ದೇಶವಲ್ಲ. ಎರಡರ ಆದರ್ಶವೇ ಬೇರೆ. ದ್ರಾಕ್ಷಿ ಕೊಯ್ಲು ವರ್ಷಕ್ಕೊಮ್ಮೆ. ಆ ವರ್ಷದ ಮಳೆ ಬಿಸಿಲುಗಳ ನೆನಪು ರಸದಲ್ಲಿ ಉಳಿಯುತ್ತದೆ. ಈ ವರ್ಷದ್ದು ಕಳೆದ ವರ್ಷದ್ದಕ್ಕಿಂತ ಬೇರೆಯಾಗಿರುವುದೇ ಅದರ ಸೊಗಸು. ಬಿಯರನ್ನು ವರ್ಷವಿಡೀ ಮಾಡುತ್ತಾರೆ. ಬಾರ್ಲಿಯ ಗುಣ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಹಾಪ್ಸಿನ ಕಹಿಯೂ ಬದಲಾಗುತ್ತದೆ. ಆದರೆ ಮಾಡುವವನು ಅದೆಲ್ಲವನ್ನೂ ತನ್ನ ಕೈಯಲ್ಲೇ ಸರಿದೂಗಿಸಿ, ನಿನ್ನೆ ಕುಡಿದ ಲೋಟದ ರುಚಿಯನ್ನೇ ಇಂದೂ ಕೊಡಬೇಕು. ನಮ್ಮಲ್ಲಿ ಹಬ್ಬದ ಹೋಳಿಗೆಯನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಅಡಿಗೆಯವರ ಕೈಗುಣ ತಿಳಿಯುವುದು ನಿತ್ಯದ ಸಾರಿನಲ್ಲಿ. ಮುನ್ನೂರರವತ್ತೈದು ದಿನವೂ ಹದ ತಪ್ಪದ ಸಾರನ್ನು ಯಾರೂ ಹೊಗಳುವುದಿಲ್ಲ. ಒಂದು ದಿನ ತಪ್ಪಿದರೆ ಮನೆಯವರೆಲ್ಲ ಗುರುತಿಸುತ್ತಾರೆ. ಜೆಕ್ ಬಿಯರಿನ ಹಿರಿಮೆ ಈ ಸಾರಿನ ಹಿರಿಮೆ.

ಈ ಸ್ಥಿರತೆ ಅದೃಷ್ಟದಿಂದ ಬಂದದ್ದಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಫ್ರಾಂಟಿಶೆಕ್ ಓಂದ್ರೆಯ್ ಪೊಉಪ್ಯೆ ಎಂಬ ಜೆಕ್ ತಯಾರಕ ಕೈ ಅದ್ದಿ ಶಾಖ ನೋಡುವ ರೂಢಿಯ ಬದಲು ಉಷ್ಣಮಾಪಕವನ್ನು ಕಡಾಯಿಗೆ ಇಳಿಸಿದ, 1794ರಲ್ಲಿ ಈ ವಿದ್ಯೆಯ ಮೇಲೆ ಗ್ರಂಥ ಬರೆದ. ಪ್ರಾಗಿನ ರಸಾಯನ ವಿಜ್ಞಾನಿ ಕಾರ್ಲ್ ಬಾಲಿಂಗ್ 1840ರ ದಶಕದಲ್ಲಿ ಸಿಹಿನೀರಿನ ಸಾಂದ್ರತೆಯನ್ನು ಅಳೆಯುವ ಮಾಪಕವನ್ನು ರೂಪಿಸಿದ. ಜೆಕ್ ಜನ ಬಿಯರನ್ನು ಇಂದಿಗೂ ಹತ್ತು, ಹನ್ನೆರಡು ಎಂದು ಡಿಗ್ರಿಯಲ್ಲಿ ಕರೆಯುವುದು ಈ ಲೆಕ್ಕದಿಂದ. ಇದು ಮದ್ಯಸಾರದ ಪ್ರಮಾಣವಲ್ಲ. ಹುದುಗುವ ಮೊದಲು ನೂರು ಗ್ರಾಂ ಸಿಹಿನೀರಿನಲ್ಲಿ ಮಾಲ್ಟಿನ ಸಾರ ಎಷ್ಟು ಗ್ರಾಂ ಕರಗಿತ್ತು ಎಂಬುದರ ಲೆಕ್ಕ. ಹತ್ತು ಡಿಗ್ರಿಯದರಲ್ಲಿ ಮದ್ಯಸಾರ ಸುಮಾರು ನೂರಕ್ಕೆ ನಾಲ್ಕು, ಹನ್ನೆರಡರದರಲ್ಲಿ ಸುಮಾರು ಐದು. ದ್ರಾಕ್ಷಾರಸದ್ದು ಸಾಮಾನ್ಯವಾಗಿ ಇದರ ಎರಡರಷ್ಟಕ್ಕೂ ಹೆಚ್ಚು.

ಒಳ್ಳೆಯ ಜೆಕ್ ಬಿಯರನ್ನು ಮೆಚ್ಚುವುದು ಹೇಗೆ? ಅಲ್ಲಿ ಒಂದು ಗಾದೆಯಿದೆ: ಬಿಯರನ್ನು ಕುದಿಸುವವನು ತಯಾರಕ, ಆಗಿಸುವವನು ಪಾನಗೃಹದವನು. ಬಡಿಸುವವನು ಲೋಟವನ್ನು ತಣ್ಣೀರಿನಲ್ಲಿ ಜಾಲಾಡಿಸಿ, ಮೊದಲು ಒದ್ದೆಯಾದ ನೊರೆಯನ್ನು ತುಂಬಿ, ಆ ನೊರೆಯ ಕೆಳಗೆ ಬಿಯರನ್ನು ಬಿಡುತ್ತಾನೆ. ಮೇಲೆ ಮೂರು ಬೆರಳಿನಷ್ಟು ನೊರೆ ನಿಲ್ಲಬೇಕು. ನಮಗೆ ನೊರೆ ಮೋಸದ ಗುರುತು, ಅಳತೆ ಕಡಿಮೆ ಮಾಡುವ ಉಪಾಯ. ಅವರಿಗೆ ನೊರೆ ಮುಚ್ಚಳ. ಗಾಳಿ ತಾಗದಂತೆ ಕಾಪಾಡಿ ಪರಿಮಳವನ್ನು ಹಿಡಿದಿಡುವುದು ಅದೇ. ಮೊದಲ ಗುಟುಕಿನಲ್ಲಿ ಮಾಲ್ಟಿನ ಬ್ರೆಡ್ಡಿನಂಥ ಸಿಹಿ, ಹಿಂದಿನಿಂದ ಹಾಪ್ಸಿನ ಹಸಿರು ಪರಿಮಳ, ಕೊನೆಗೆ ನಾಲಗೆಯ ಬುಡದಲ್ಲಿ ನಿಂತು ನಿಧಾನವಾಗಿ ಕರಗುವ ಕಹಿ. ಊಟದ ಜೊತೆ ದ್ರಾಕ್ಷಾರಸ ತನ್ನ ಹುಳಿಯಿಂದ ಮಾಡುವ ಕೆಲಸವನ್ನು ಬಿಯರು ಈ ಕಹಿಯಿಂದ ಮಾಡುತ್ತದೆ: ಜಿಡ್ಡನ್ನು ಕಳೆದು ನಾಲಗೆಯನ್ನು ಮುಂದಿನ ತುತ್ತಿಗೆ ಸಿದ್ಧಗೊಳಿಸುತ್ತದೆ. ದ್ರಾಕ್ಷಾರಸವನ್ನು ವರ್ಷಗಟ್ಟಲೆ ಕೂಡಿಟ್ಟು ಕಾಯಬಹುದು. ಈ ಬಿಯರಿಗೆ ತಯಾರಾಗುವ ತನಕ ವಿಶ್ರಾಂತಿ ಬೇಕು, ತಯಾರಾದ ಮೇಲೆ ತಾಜಾತನವೇ ಅದರ ಜೀವ.

ಆ ತಾಜಾತನವನ್ನು ಕಾಯುವ ಮನೆ ಜೆಕ್ ಪಾನಗೃಹ. ಬೇರೆಯವರು ಕುಳಿತ ಮೇಜಿನಲ್ಲಿ ಜಾಗ ಖಾಲಿಯಿದ್ದರೆ ಕೇಳಿ ಕೂರಬಹುದು. ಲೋಟ ಬಂದಾಗಲೆಲ್ಲ ಮೇಜಿನ ಮೇಲಿನ ಚೀಟಿಗೆ ಒಂದು ಗೀಟು. ಪ್ರಾಧ್ಯಾಪಕನ ಚೀಟಿಗೂ ಗಾರೆಯವನ ಚೀಟಿಗೂ ಒಂದೇ ಬಗೆಯ ಗೀಟು, ಏಕೆಂದರೆ ಇಬ್ಬರೂ ಕುಡಿಯುವುದು ಒಂದೇ ಬಿಯರನ್ನು. ಜೆಕ್ ಸಾಹಿತ್ಯಕ್ಕೆ ಈ ಜಾಗ ಎಷ್ಟು ಒದಗಿದೆಯೆಂಬುದನ್ನು ಮೂವರ ಹೆಸರಿನಿಂದಲೇ ತಿಳಿಯಬಹುದು. ಯಾರೊಸ್ಲಾವ್ ಹಾಶೆಕನ ಸಿಪಾಯಿ ಶ್ವೇಕ್ ಮೊದಲು ಸೆರೆಸಿಕ್ಕುವುದು ಪ್ರಾಗಿನ ಪಾನಗೃಹವೊಂದರಲ್ಲಿ, ಅಲ್ಲಿ ಕುಳಿತಿದ್ದ ಗುಪ್ತ ಪೊಲೀಸನ ಕೈಗೆ. ಬೊಹುಮಿಲ್ ಹ್ರಬಾಲ್ ಬೆಳೆದದ್ದೇ ನಿಂಬುರ್ಕ್ ಊರಿನ ಬ್ರೂವರಿಯಲ್ಲಿ. ಅವನ ಮಲತಂದೆ ಅದರ ವ್ಯವಸ್ಥಾಪಕ. ಪಾನಗೃಹದ ಹರಟೆಯ ಧಾಟಿಯನ್ನೇ ಹ್ರಬಾಲ್ ಗದ್ಯದ ಧಾಟಿಯಾಗಿಸಿದ.

ಮೂರನೆಯವನು ವಾತ್ಸ್ಲಾವ್ ಹಾವೆಲ್. ಮುಂದೆ ರಾಷ್ಟ್ರಾಧ್ಯಕ್ಷನಾದ ಈ ನಾಟಕಕಾರ, ಕೃತಿಗಳಿಗೆ ನಿಷೇಧವಿದ್ದ ಕಾಲದಲ್ಲಿ, 1974ರಲ್ಲಿ ಟ್ರುಟ್ನೊವ್ ಊರಿನ ಬ್ರೂವರಿಯಲ್ಲಿ ಕೂಲಿ ಮಾಡಿದ. ಮರುವರ್ಷ ಬರೆದ 'ಆಡಿಯೆನ್ಸ್' ಎಂಬ ಏಕಾಂಕದಲ್ಲಿ ಬ್ರೂವರಿಯ ಮೇಲ್ವಿಚಾರಕ, ಕೂಲಿಗೆ ಬಂದ ಲೇಖಕನಿಗೆ ಬಿಯರಿನ ಮೇಲೆ ಬಿಯರ್ ಸುರಿಯುತ್ತ, ಗುಪ್ತ ಪೊಲೀಸರಿಗೆ ಸಲ್ಲಿಸಬೇಕಾದ ವರದಿಯನ್ನು ನಿನ್ನ ಬಗ್ಗೆ ನೀನೇ ಬರೆದುಕೊಡು ಎಂದು ಬೇಡುತ್ತಾನೆ. ಬಿಯರು ಸ್ನೇಹವನ್ನೂ ತರಬಲ್ಲುದು, ಮನುಷ್ಯನನ್ನು ಬಗ್ಗಿಸಲೂ ಬಳಕೆಯಾಗಬಲ್ಲುದು ಎಂಬುದನ್ನು ಆ ನಾಟಕ ಮುಚ್ಚಿಡುವುದಿಲ್ಲ. ಅದೇ ಹಾವೆಲ್ 1994ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್ನರನ್ನು ಪ್ರಾಗಿನ 'ಚಿನ್ನದ ಹುಲಿ' ಎಂಬ ಪಾನಗೃಹಕ್ಕೆ, ಹ್ರಬಾಲನ ಎದುರಿಗೆ ಕರೆದೊಯ್ದು ಕೂರಿಸಿದ. ಊರಿನವರು ದಿನವೂ ಕೂರುವ ಬೆಂಚಿಗೆ ಅತಿಥಿಯನ್ನು ಕರೆತರುವುದೂ ಒಂದು ಮರ್ಯಾದೆಯೇ.

ಈಗ ಕೊನೆಯ ಮಾತು. ಸಮತಾವಾದಿ ಆಡಳಿತದ ದಶಕಗಳಲ್ಲಿ ಜೆಕ್ ಬ್ರೂವರಿಗಳಿಗೆ ಬಂಡವಾಳ ಬಂದದ್ದು ಕಡಿಮೆ. ಅದರಿಂದಲೇ ಹಳೆಯ ಪದ್ಧತಿಗಳು ಉಳಿದುಕೊಂಡವು ಎಂಬುದು ಚರಿತ್ರೆಯ ತಮಾಷೆ. 1989ರ ನಂತರ ಹಣ ಬಂತು, ಹೊಸ ಯಂತ್ರ ಬಂತು. ಪಿಲ್ಸೆನ್ನಿನಲ್ಲಿ 1990ರ ದಶಕದ ಆರಂಭದಲ್ಲಿ ತೆರೆದ ಮರದ ಬಾನಿಗಳ ಜಾಗಕ್ಕೆ ಉಕ್ಕಿನ ಗೋಪುರದಂಥ ತೊಟ್ಟಿಗಳು ಬಂದವು. ರುಚಿ ಬದಲಾಯಿತೆಂದು ಹಳಬರು, ಇಲ್ಲವೆಂದು ಕಂಪನಿಯವರು. ಈ ವಾದ ಮುಗಿದಿಲ್ಲ. ಸುಮಾರು ಒಂಬತ್ತು ಕಿಲೋಮೀಟರ್ ಉದ್ದದ ಹಳೆಯ ನೆಲಮಾಳಿಗೆಯಲ್ಲಿ ಇಂದಿಗೂ ಸ್ವಲ್ಪ ಬಿಯರನ್ನು ಓಕ್ ಮರದ ಪೀಪಾಯಿಗಳಲ್ಲೇ ಮಾಗಿಸುತ್ತಾರೆ, ಹೊಸದರ ರುಚಿಗೆ ಹಳೆಯದರ ಸಾಕ್ಷಿಯಿರಲೆಂದು. ಬ್ರೂವರಿಯ ಒಡೆತನ 1999ರಲ್ಲಿ ದಕ್ಷಿಣ ಆಫ್ರಿಕದ ಕಂಪನಿಗೆ, 2017ರಲ್ಲಿ ಜಪಾನಿನ ಕಂಪನಿಗೆ ಹೋಯಿತು. ಬುದ್ವಾರ್ ಮಾತ್ರ ಸರ್ಕಾರದ ಆಸ್ತಿಯಾಗಿಯೇ ಉಳಿದಿದೆ. ಎಷ್ಟೋ ಹಳೆಯ ಬ್ರೂವರಿಗಳು ಮುಚ್ಚಿದವು, ನೂರಾರು ಸಣ್ಣ ಹೊಸ ಬ್ರೂವರಿಗಳು ಹುಟ್ಟಿದವು. ಆದರೆ ಈಗ ಜನ ಅಂಗಡಿಯಿಂದ ಬಾಟಲಿ, ಡಬ್ಬಿ ಒಯ್ದು ಮನೆಯಲ್ಲಿ ಕುಡಿಯುವುದೇ ಹೆಚ್ಚು. ಹಳ್ಳಿಯ ಪಾನಗೃಹದ ದೀಪಗಳು ಒಂದೊಂದಾಗಿ ಆರುತ್ತಿವೆ. ಒಳ್ಳೆಯ ಬಿಯರಿನ ಬೆಲೆಯೂ ಏರುತ್ತಿದೆ.

ಬಿಯರು ದ್ರಾಕ್ಷಾರಸದ ಪಂಕ್ತಿಗೆ ಬರುವುದೆಂದರೆ ದ್ರಾಕ್ಷಾರಸದ ಹಾಗೆ ದುಬಾರಿಯಾಗುವುದು, ಅಪರೂಪವಾಗುವುದು, ತಿಳಿದವರ ಸ್ವತ್ತಾಗುವುದು ಎಂದು ಅರ್ಥವಾದರೆ, ಆ ಪಂಕ್ತಿ ಅದಕ್ಕೆ ಬೇಡ. ಶ್ರೇಷ್ಠವಾದದ್ದು ಅಗ್ಗವಾಗಿಯೂ ಇರಬಹುದು, ದಿನವೂ ಸಿಗಬಹುದು, ಗಾರೆಯವನಿಗೂ ಪ್ರಾಧ್ಯಾಪಕನಿಗೂ ಒಂದೇ ಆಗಿರಬಹುದು ಎಂದು ತೋರಿಸಿದ್ದೇ ಜೆಕ್ ಬಿಯರಿನ ಸಾಧನೆ. ನಾವು ಕುಡಿಯುವವರಾಗಲಿ, ಕುಡಿಯದವರಾಗಲಿ, ಈ ಮಾತು ನಮಗೂ ಸಲ್ಲುತ್ತದೆ. ನಮ್ಮ ಮನೆಯ ಸಾರು, ನಮ್ಮ ಊರಿನ ಮಗ್ಗದ ಸೀರೆ, ಬೀದಿಯ ಮೂಲೆಯ ಹೋಟೆಲಿನ ಇಡ್ಲಿ ಇವೆಲ್ಲ ದಿನವೂ ಸಿಗುತ್ತವೆಂಬ ಕಾರಣಕ್ಕೇ ನಾವು ಅವುಗಳಿಗೆ ಕೊನೆಯ ಪಂಕ್ತಿಯಲ್ಲಿ ಎಲೆ ಹಾಕಿದ್ದೇವೆ. ಹದಗೆಟ್ಟದ್ದನ್ನು ಪುರಭವನದ ಮುಂದೆ ಚೆಲ್ಲಿ, ಒಟ್ಟುಗೂಡಿ ಹೊಸದಾಗಿ ಒಲೆ ಹೂಡಿದ ಆ ಪಿಲ್ಸೆನ್ನಿನ ಜನ, ನಿತ್ಯದ ಪದಾರ್ಥಕ್ಕೂ ಮರ್ಯಾದೆ ಬೇಕೆಂದು ಬಲ್ಲವರಾಗಿದ್ದರು.